ಆಡಿದ್ದು ಸುಳ್ಳಾಯಿತೇ?

ದೇವರಮನೆ ಗುಡ್ಡಕ್ಕೆ ಬರುವ ಪ್ರವಾಸಿಗರು ಮಂಜು ನೋಡುತ್ತಾರೆ, ಕಾಲಭೈರವೇಶ್ವರನಿಗೆ ಕೈಮುಗಿಯುತ್ತಾರೆ, ಫೋಟೋ ತೆಗೆದುಕೊಂಡು ಮೂಡಿಗೆರೆಯತ್ತ ಇಳಿದು ಹೋಗುತ್ತಾರೆ. ಆ ಮಂಜಿನೊಳಗಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬದುಕು ಹೇಗೆ ಸಾಗುತ್ತದೆ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಗೆ ಕರೆಂಟು ಬರುವುದು ಕಾಫಿ ತೋಟಗಳ ನಡುವೆ, ಸಿಲ್ವರ್ ಓಕ್ ಮರಗಳ ಸಂದಿನಲ್ಲಿ ಹಾದ ತಂತಿಯಲ್ಲಿ. ಗಾಳಿಗೆ ಒಂದು ಕೊಂಬೆ ಮುರಿದು ಬಿದ್ದರೆ ಸಾಕು, ಸುತ್ತಲಿನ ಹತ್ತಾರು ಮನೆಗಳು ಒಟ್ಟಿಗೆ ಕತ್ತಲಾಗುತ್ತವೆ. ಹೋದ ಕರೆಂಟು ಅರ್ಧ ಗಂಟೆಗೂ ಬರಬಹುದು, ಮೂರು ದಿನಕ್ಕೂ ಬರಬಹುದು. ಮನುಷ್ಯರು ಇದಕ್ಕೆ ಹೊಂದಿಕೊಂಡಿದ್ದಾರೆ. ಹೊಂದಿಕೊಳ್ಳಲಾರದ್ದು ಕಂಪ್ಯೂಟರ್.

ಎರಡು ಮಳೆಗಾಲದ ಹಿಂದೆ ಆ ಕಡೆಯ ನಮ್ಮ ನೆಂಟರ ಮನೆಯ ಹುಡುಗನೊಬ್ಬ, ಒಂಬತ್ತನೇ ತರಗತಿಯವನು, ಬೇಸಿಗೆ ರಜೆಯಿಂದ ಆಡಿಕೊಂಡು ಬಂದಿದ್ದ ಆಟವೊಂದರ ಸೇವ್ ಫೈಲನ್ನು ಕಳೆದುಕೊಂಡ. ಪರದೆಯ ಮೂಲೆಯಲ್ಲಿ ‘ಸೇವ್ ಆಗುತ್ತಿದೆ’ ಎಂಬ ಚಕ್ರ ತಿರುಗುತ್ತಿದ್ದಾಗಲೇ ಕರೆಂಟು ಹೋಗಿತ್ತು. ಮಾರನೆಯ ದಿನ ಆಟ ತೆರೆದರೆ, ಫೈಲು ಕರಪ್ಟ್ ಆಗಿದೆ ಎಂಬ ಒಂದೇ ಸಾಲು. ಮನೆಯವರು “ಆಟ ತಾನೆ, ಬಿಡು ಮಾರಾಯ” ಅಂದರಂತೆ. ಅವನು ಫೋನು ಮಾಡಿ ನನ್ನನ್ನು ಕೇಳಿದ್ದು ಇಷ್ಟು: “ಹಾಗಾದ್ರೆ ಇಷ್ಟು ದಿನ ಆಡಿದ್ದು ಸುಳ್ಳಾಯ್ತಾ?”

ನನ್ನ ಪಿಎಚ್.ಡಿ. ಕೆಲಸ ಹಳಗನ್ನಡ ಹಸ್ತಪ್ರತಿಗಳ ಪಾಠಾಂತರಗಳ ಮೇಲೆ. ಹುಳ ತಿಂದ ಗರಿ, ಬಿಟ್ಟುಹೋದ ಸಾಲು, ತಪ್ಪಾಗಿ ನಕಲಾದ ಅಕ್ಷರ ಇವೆಲ್ಲ ನನಗೆ ದಿನನಿತ್ಯದ ವ್ಯವಹಾರ. ಆದರೂ ಆ ಪ್ರಶ್ನೆಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಒಂದು ಸೇವ್ ಫೈಲು ಹಾಳಾದಾಗ ನಿಜವಾಗಿ ಹಾಳಾಗುವುದು ಏನು? ಅದನ್ನು ಕಾಪಾಡುವುದು ಬರೀ ತಂತ್ರಜ್ಞರ ತಲೆನೋವೋ, ಅದರಲ್ಲಿ ನೀತಿಯ ಮಾತೂ ಇದೆಯೋ?

ಮೊದಲು ಆ ಫೈಲಿನಲ್ಲಿ ಏನಿರುತ್ತದೆ ಎಂದು ನೋಡೋಣ. ಅದರಲ್ಲಿ ಆಟ ಇರುವುದಿಲ್ಲ. ಆಟ ಎಲ್ಲರಿಗೂ ಒಂದೇ. ಫೈಲಿನಲ್ಲಿರುವುದು ಈ ಒಬ್ಬ ಆಟಗಾರ ಅದರೊಳಗೆ ಎಲ್ಲಿಗೆ ಬಂದು ನಿಂತಿದ್ದಾನೆ ಎಂಬ ಲೆಕ್ಕ ಮಾತ್ರ. ಯಾವ ಊರು, ಎಷ್ಟು ಪ್ರಾಣ ಉಳಿದಿದೆ, ಯಾವ ಬಾಗಿಲು ತೆರೆದಿದೆ, ಯಾರನ್ನು ಉಳಿಸಿದ್ದಾಯಿತು, ಯಾರನ್ನು ಬಿಟ್ಟುಬಂದದ್ದಾಯಿತು. ನೂರಾರು ಗಂಟೆಗಳ ಬದುಕು ಎಷ್ಟೋ ಸಲ ಒಂದು ಫೋಟೋಗಿಂತ ಕಡಿಮೆ ಜಾಗದಲ್ಲಿ ಮುಗಿದುಹೋಗುತ್ತದೆ.

ನಮ್ಮ ಸಣ್ಣ ಊರುಗಳಿಗೆ ಟಿವಿಗೆ ಜೋಡಿಸುವ ವಿಡಿಯೊ ಗೇಮ್ ಬಂದ ಕಾಲದಲ್ಲಿ ಈ ಲೆಕ್ಕವೇ ಇರಲಿಲ್ಲ. ಮಾರಿಯೋ ಆಗಲಿ, ಕಾಂಟ್ರಾ ಆಗಲಿ, ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದಲೇ ಶುರು. ಅಷ್ಟರೊಳಗೆ ಬೇರೆ ಕಡೆ ಒಂದು ಉಪಾಯ ಸಿಕ್ಕಿತ್ತು. 1987ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಆಟದ ಕ್ಯಾಸೆಟ್ಟಿನೊಳಗೆ ಪುಟ್ಟ ಬ್ಯಾಟರಿಯೊಂದಿತ್ತು. ಯಂತ್ರ ಆರಿದ ಮೇಲೂ ಅದು ಆಟಗಾರನ ಲೆಕ್ಕವನ್ನು ಉಳಿಸಿಕೊಂಡಿರುತ್ತಿತ್ತು. ಆ ಆಟ ಒಂದು ವಿಚಿತ್ರ ಸೂಚನೆ ಕೊಡುತ್ತಿತ್ತು: ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಪವರ್ ಆರಿಸಬೇಕು. ವಿದ್ಯುತ್ತು ಇಳಿಯುವ ಆ ಕ್ಷಣಾರ್ಧದಲ್ಲಿ ಯಂತ್ರದ ಮಿದುಳು ದಿಕ್ಕುತಪ್ಪಿ, ಬ್ಯಾಟರಿ ಕಾಯುತ್ತಿರುವ ಜಾಗದಲ್ಲಿ ಏನನ್ನಾದರೂ ಗೀಚಿಬಿಡಬಹುದು. ರೀಸೆಟ್ ಒತ್ತಿದ್ದರೆ ಅದು ಕೈಕಟ್ಟಿ ಕೂತಿರುತ್ತದೆ. ಅಪಾಯ ಇರುವುದು ಯಂತ್ರ ಓಡುವಾಗಲೂ ಅಲ್ಲ, ಆರಿದ ಮೇಲೂ ಅಲ್ಲ, ನಡುವಿನ ಸಂಧಿಯಲ್ಲಿ ಎಂಬುದನ್ನು ಆ ಕಾಲದ ಮಕ್ಕಳು ಬೆರಳಿನಿಂದಲೇ ಕಲಿತರು.

ನನ್ನ ಓರಗೆಯವರಲ್ಲಿ ಹಲವರು ಇನ್ನೊಂದು ಪಾಠವನ್ನು ಸೈಬರ್ ಕೆಫೆಗಳಲ್ಲಿ ಕಲಿತರು. ‘ಜಿಟಿಎ ವೈಸ್ ಸಿಟಿ’ಯಲ್ಲಿ ಸೇವ್ ಮಾಡಲು ಇದ್ದದ್ದು 8 ಜಾಗ. ಕಂಪ್ಯೂಟರ್ ಒಂದು, ಊರಿನ ಹುಡುಗರೆಲ್ಲ ಗಿರಾಕಿಗಳು. ಇನ್ನೊಬ್ಬರ ಜಾಗದ ಮೇಲೆ ಬರೆಯಬಾರದು ಎಂಬ ಕಟ್ಟಳೆ ಎಲ್ಲಿಯೂ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಮುರಿದವರ ಜೊತೆ ವಾರಗಟ್ಟಲೆ ಮಾತಿರುತ್ತಿರಲಿಲ್ಲ. ದೊಡ್ಡವರು ಏನೇ ಅನ್ನಲಿ, ಇದು ನೀತಿಯ ವಿಷಯ ಎಂಬುದರಲ್ಲಿ ಮಕ್ಕಳಿಗೆ ಅನುಮಾನವಿರಲಿಲ್ಲ.

ಫೈಲು ಹಾಳಾಗುವ ಬಗೆಯೂ ತಿಳಿಯಬೇಕಾದದ್ದೇ. ಅಜಾಗರೂಕವಾಗಿ ಬರೆದ ಆಟವೊಂದು ಹೊಸ ಲೆಕ್ಕವನ್ನು ಹಳೆಯ ಲೆಕ್ಕದ ಮೇಲೆಯೇ ಬರೆಯುತ್ತದೆ. ಸ್ಲೇಟಿನ ಹಳೆಯ ಅಕ್ಷರ ಒರೆಸುತ್ತ ಹೊಸ ಅಕ್ಷರ ಬರೆದ ಹಾಗೆ. ಅರ್ಧ ಬರೆದಾಗ ಕರೆಂಟು ಹೋದರೆ ಸ್ಲೇಟಿನಲ್ಲಿ ಉಳಿಯುವುದು ಅರ್ಧ ಹೊಸದು, ಅರ್ಧ ಹಳೆಯದು. ಅಂದರೆ ಯಾವುದೂ ಅಲ್ಲ. ಸಾಲದ್ದಕ್ಕೆ, ಬರೆದಾಯಿತು ಎಂದು ಕಂಪ್ಯೂಟರ್ ಹೇಳಿದ ಮಾತ್ರಕ್ಕೆ ಅದು ಡಿಸ್ಕಿಗೆ ಇಳಿದಿರುತ್ತದೆ ಎಂದೂ ಅಲ್ಲ. ವೇಗಕ್ಕಾಗಿ ಅದು ಕೆಲಹೊತ್ತು ತಾತ್ಕಾಲಿಕ ನೆನಪಿನಲ್ಲೇ ಕಾದಿರುತ್ತದೆ, ಕತ್ತಲಾದರೆ ಅದೂ ಆರುತ್ತದೆ.

ಇದಕ್ಕೆ ಮದ್ದು ಬಹಳ ಹಳೆಯದು, ಬಹಳ ಸರಳವಾದದ್ದು. ಹಳೆಯ ಫೈಲನ್ನು ಮುಟ್ಟಬೇಡ. ಹೊಸ ಲೆಕ್ಕವನ್ನು ಪಕ್ಕದಲ್ಲಿ ಬೇರೆ ಹೆಸರಿನ ಫೈಲಿನಲ್ಲಿ ಪೂರ್ತಿ ಬರೆ. ಅದು ಡಿಸ್ಕಿಗೆ ಇಳಿಯಿತೆಂದು ಖಾತ್ರಿ ಮಾಡಿಕೋ. ಓದಿ ನೋಡು. ಎಲ್ಲ ಸರಿಯಿದ್ದರೆ ಕೊನೆಯಲ್ಲಿ ಒಂದೇ ಏಟಿಗೆ ಹೆಸರು ಬದಲಿಸು. ಹೆಸರು ಬದಲಿಸುವುದು ಅರ್ಧಕ್ಕೆ ನಿಲ್ಲದ ಕೆಲಸ, ಆಗುತ್ತದೆ ಇಲ್ಲವೇ ಆಗುವುದಿಲ್ಲ. ಯಾವ ಕ್ಷಣದಲ್ಲಿ ಕರೆಂಟು ಹೋದರೂ ಡಿಸ್ಕಿನಲ್ಲಿ ಒಂದು ಪೂರ್ತಿ ಲೆಕ್ಕ ಇದ್ದೇ ಇರುತ್ತದೆ. ಹಳೆಯದಾದರೂ ಸರಿ, ಹೊಸದಾದರೂ ಸರಿ.

ಈ ಕ್ರಮವನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ದೇವಸ್ಥಾನಗಳ ಜೀರ್ಣೋದ್ಧಾರ. ಗರ್ಭಗುಡಿಯ ಕೆಲಸ ಹಿಡಿಯುವ ಮುಂಚೆ ನಮ್ಮಲ್ಲಿ ಯಾರೂ ನೇರವಾಗಿ ಗುದ್ದಲಿ ಹಾಕುವುದಿಲ್ಲ. ಮೊದಲು ಬಾಲಾಲಯ ಕಟ್ಟುತ್ತಾರೆ, ಅಂದರೆ ಪಕ್ಕದಲ್ಲಿ ಒಂದು ತಾತ್ಕಾಲಿಕ ಗುಡಿ. ಮೂಲವಿಗ್ರಹದ ಕಲೆಯನ್ನು ವಿಧಿಪೂರ್ವಕ ಕಲಶಕ್ಕೆ ಇಳಿಸಿ ಅಲ್ಲಿ ಪ್ರತಿಷ್ಠೆ ಮಾಡುತ್ತಾರೆ. ಹಳೆಯ ಗುಡಿಯ ಕಲ್ಲು ಬಿಚ್ಚಿ, ಹೊಸದು ಎದ್ದು, ಅಷ್ಟಬಂಧವಾಗಿ ಬ್ರಹ್ಮಕಲಶವಾಗುವವರೆಗೆ, ಅದು ಎರಡು ವರ್ಷವಾದರೂ ಸರಿ, ನಿತ್ಯಪೂಜೆ ಬಾಲಾಲಯದಲ್ಲಿ ನಡೆಯುತ್ತದೆ. ಹೊಸ ಗರ್ಭಗುಡಿಯಲ್ಲಿ ಪ್ರತಿಷ್ಠೆ ಮುಗಿದ ಮೇಲೆಯೇ ಬಾಲಾಲಯದ ಕೆಲಸ ಮುಗಿಯುವುದು. ದೇವರು ಇಲ್ಲದ ಒಂದು ದಿನವೂ ಊರಿಗೆ ಬರಬಾರದು ಎಂಬುದು ಅದರ ಹಿಂದಿನ ಎಚ್ಚರ. ನಂಬಿಕೆಯ ಮಾತನ್ನು ಬದಿಗಿಟ್ಟರೂ ಆ ಎಚ್ಚರ ಉಳಿಯುತ್ತದೆ: ಹೊಸದು ನಿಲ್ಲುವವರೆಗೆ ಹಳೆಯದನ್ನು ಕೆಡವಬಾರದು, ನಡುವಿನ ಹೊತ್ತಿಗೆ ಯಾರಾದರೂ ಜವಾಬ್ದಾರರಾಗಿರಬೇಕು.

ಆಟ ಬರೆಯುವವರಲ್ಲಿ ಎಚ್ಚರವಿದ್ದವರು ಇದನ್ನು ಬೇರೆ ಬೇರೆ ರೀತಿಯಲ್ಲಿ ಮಾಡಿದ್ದಾರೆ. 2002ರ ಪೋಕೆಮಾನ್ ರೂಬಿ, ಸಫೈರ್ ಆಟಗಳು ಸೇವ್ ಲೆಕ್ಕವನ್ನು ಎರಡು ಜಾಗಗಳಲ್ಲಿ ಸರದಿಯಂತೆ ಬರೆಯುತ್ತಿದ್ದವು. ಈ ಸಲ ಒಂದನೆಯದರಲ್ಲಿ, ಮುಂದಿನ ಸಲ ಎರಡನೆಯದರಲ್ಲಿ. ಹೊಸದು ಕೆಟ್ಟರೆ ಹಿಂದಿನದು ಕೈಯಲ್ಲಿರುತ್ತದೆ. ಮಗು ಅರ್ಧ ಗಂಟೆಯ ಆಟ ಕಳೆದುಕೊಳ್ಳಬಹುದು, ಬೇಸಿಗೆ ರಜೆಯನ್ನು ಕಳೆದುಕೊಳ್ಳುವುದಿಲ್ಲ.

ಆದರೆ ಹೊಸದು ಕೆಟ್ಟಿದೆ ಎಂದು ಆಟಕ್ಕೆ ತಿಳಿಯುವುದು ಹೇಗೆ? ನನ್ನ ದೃಷ್ಟಿಯಲ್ಲಿ ಈ ವಿಷಯದ ಹೃದಯ ಇಲ್ಲಿದೆ. ಫೈಲಿನ ಅಂಕಿಗಳನ್ನೆಲ್ಲ ಒಂದು ನಿಯಮದಂತೆ ಕೂಡಿಸಿ ಬಂದ ಮೊತ್ತವನ್ನು ಫೈಲಿನ ಜೊತೆಗೇ ಬರೆದಿಡುತ್ತಾರೆ. ಅದಕ್ಕೆ ಚೆಕ್‌ಸಮ್ ಎಂದು ಹೆಸರು. ಮುಂದಿನ ಸಲ ತೆರೆಯುವಾಗ ಮತ್ತೆ ಕೂಡಿಸಿ ನೋಡುತ್ತಾರೆ. ತಾಳೆಯಾಗದಿದ್ದರೆ ಆಟ ಆ ಫೈಲನ್ನು ನಿರಾಕರಿಸುತ್ತದೆ. ನಮ್ಮ ಹುಡುಗ ನೋಡಿದ ‘ಕರಪ್ಟ್’ ಎಂಬ ಸಾಲು ಅಂಥದ್ದೇ ಒಂದು ನಿರಾಕರಣೆ. ಅದು ಕ್ರೂರವಾಗಿ ಕಾಣುತ್ತದೆ. ಇನ್ನೊಂದು ದಾರಿಯನ್ನು ಊಹಿಸಿಕೊಂಡರೆ ಅದರ ದಯೆ ಕಾಣುತ್ತದೆ. ನಿರಾಕರಿಸದೆ, ಕೆಟ್ಟ ಫೈಲನ್ನೇ ಸರಿಯೆಂದು ತೆರೆದುಕೊಟ್ಟಿದ್ದರೆ? ಉಳಿಸಿದ ಗೆಳೆಯ ಸತ್ತಿರುತ್ತಾನೆ, ತೆರೆದ ಬಾಗಿಲು ಮುಚ್ಚಿರುತ್ತದೆ, ಗಳಿಸದ ಹಣ ಚೀಲದಲ್ಲಿರುತ್ತದೆ. ಆಡುವವನು ಅದನ್ನೇ ತನ್ನ ಕಥೆಯೆಂದು ನಂಬಿ ಮುಂದುವರಿಯುತ್ತಾನೆ. ಆಗ ಮಾತ್ರ ಆಡಿದ್ದು ನಿಜಕ್ಕೂ ಸುಳ್ಳಾಗುತ್ತದೆ.

ಹಸ್ತಪ್ರತಿಗಳ ನಡುವೆ ಕೂತವರಿಗೆ ಇದು ಚೆನ್ನಾಗಿ ಗೊತ್ತು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಓದಿ ಈ ಕೆಲಸಕ್ಕಿಳಿಯುವ ನಮಗೆಲ್ಲ ಬೇಗನೆ ಒಂದು ಅನುಭವವಾಗುತ್ತದೆ: ಅರ್ಥವಾಗದೆ ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿದ ಲಿಪಿಕಾರ ಅಷ್ಟೇನೂ ಅಪಾಯಕಾರಿಯಲ್ಲ. ಅವನ ತಪ್ಪು ತಪ್ಪಾಗಿಯೇ ಕಾಣುತ್ತದೆ, ಛಂದಸ್ಸು ಮುರಿಯುತ್ತದೆ, ಹಿಡಿಯಬಹುದು. ಅಪಾಯ ಇರುವುದು ಜಾಣ ಲಿಪಿಕಾರನಲ್ಲಿ. ಅವನು ಹುಳ ತಿಂದ ಜಾಗಕ್ಕೆ ತನ್ನದೇ ಒಂದು ಪದ ತುಂಬುತ್ತಾನೆ. ಛಂದಸ್ಸೂ ಕೂಡುತ್ತದೆ, ಅರ್ಥವೂ ಕೂಡುತ್ತದೆ. ಕವಿಯ ಮಾತು ಹೋಗಿರುತ್ತದೆ, ಹೋಗಿದೆ ಎಂಬ ಗುರುತೂ ಹೋಗಿರುತ್ತದೆ. ತೂತನ್ನು ತೂತಾಗಿ ಉಳಿಸಿದ ಗರಿ ಒಂದು ಬಗೆಯ ಪ್ರಾಮಾಣಿಕ ಗರಿ. ಇಲ್ಲಿ ಏನೋ ಇತ್ತು, ಈಗ ಇಲ್ಲ ಎಂದು ಅದು ಹೇಳುತ್ತದೆ.

ಹಿಂದಿನವರೂ ಚೆಕ್‌ಸಮ್ ಬಳಸಿದವರೇ. ಎಷ್ಟೋ ಸಂಸ್ಕೃತ ಹಸ್ತಪ್ರತಿಗಳ ಕೊನೆಯಲ್ಲಿ ಗ್ರಂಥಸಂಖ್ಯೆ ಬರೆದಿರುತ್ತದೆ. 32 ಅಕ್ಷರಕ್ಕೆ ಒಂದು ಗ್ರಂಥ ಎಂಬ ಅಳತೆಯಲ್ಲಿ ಇಡೀ ಕೃತಿಯ ಲೆಕ್ಕ. ನಕಲು ಮುಗಿಸಿದವನು ಎಣಿಸಿ ನೋಡಿದರೆ ಏನಾದರೂ ಬಿಟ್ಟುಹೋಗಿದೆಯೇ ಎಂದು ತಿಳಿಯುತ್ತಿತ್ತು. ಗರಿಯೇ ಇಲ್ಲದ ಕಡೆ ಇನ್ನೂ ಬಿಗಿಯಾದ ವ್ಯವಸ್ಥೆಯಿತ್ತು. ನಮ್ಮ ಜಿಲ್ಲೆಯ ಶೃಂಗೇರಿಯಲ್ಲಿ ವೇದ ಕಲಿಯುವವರು ಇಂದಿಗೂ ಪಾಲಿಸುವ ಪದ್ಧತಿ ಅದು. ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು ಎಂದು ಪದಗಳನ್ನು ಜೋಡಿಯಾಗಿ ಹೇಳುತ್ತಾರೆ. ಜಟಾಪಾಠದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಹಿಂದುಮುಂದಾಗಿ. ಘನಪಾಠ ಇನ್ನೂ ಜಟಿಲ. ಹೀಗೆ ಹಿಂದೆ ಮುಂದೆ ಹೆಣೆದ ಮೇಲೆ ಒಂದು ಪದ ಜಾರಿದರೆ ಪಕ್ಕದ ಪದಗಳು ಸಾಕ್ಷಿ ಹೇಳಿ ಹಿಡಿದುಕೊಡುತ್ತವೆ. ಇಷ್ಟೆಲ್ಲ ಕಷ್ಟಪಟ್ಟದ್ದು ಮರೆವಿನ ಭಯಕ್ಕೆ ಮಾತ್ರ ಅಲ್ಲ, ತಪ್ಪಾಗಿ ನೆನಪಿಟ್ಟುಕೊಳ್ಳುವ ಭಯಕ್ಕೆ.

ಇನ್ನೊಂದು ಎಚ್ಚರವನ್ನೂ ಹೇಳಬೇಕು, ಏಕೆಂದರೆ ಇವತ್ತು ಹೆಚ್ಚಿನವರು ಇಲ್ಲಿ ಮೈಮರೆಯುತ್ತಾರೆ. ಕ್ಲೌಡಿಗೆ ಹೋಗುತ್ತಿದೆ, ಇನ್ನೇನು ಭಯ ಎಂಬ ನಂಬಿಕೆ. ಸಿಂಕ್ ಎಂದರೆ ಎರಡು ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು. ಇಲ್ಲಿ ಕೆಟ್ಟರೆ ಆ ಕೆಡುಕೂ ಅಷ್ಟೇ ನಿಷ್ಠೆಯಿಂದ ಅಲ್ಲಿಗೆ ಹೋಗುತ್ತದೆ. ಹಳೆಯ ಪ್ರತಿಗಳನ್ನು ದಿನಾಂಕದೊಂದಿಗೆ ಉಳಿಸಿಕೊಳ್ಳುವ ಏರ್ಪಾಡು ಇಲ್ಲದಿದ್ದರೆ ಅದು ಕನ್ನಡಿ, ಪ್ರತಿಯಲ್ಲ. ಗ್ರಂಥಸಂಪಾದಕನಿಗೆ ಒಂದೇ ಮೂಲದಿಂದ ಇಳಿದ ಹತ್ತು ಪ್ರತಿಗಳಿಗಿಂತ, ಒಂದನ್ನೊಂದು ನೋಡದೆ ಬೇರೆ ಬೇರೆ ಊರಿನಲ್ಲಿ ಉಳಿದ ಎರಡು ಪ್ರತಿಗಳು ಹೆಚ್ಚು ಬೆಲೆಯವು. ಹತ್ತೂ ಒಂದೇ ತಪ್ಪನ್ನು ಒಂದೇ ಧೈರ್ಯದಿಂದ ಹೇಳಬಹುದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಎಲ್ಲವನ್ನೂ ಉಳಿಸಿಕೊಳ್ಳುವ ಈ ಹಟ ಒಳ್ಳೆಯದೇ? ಒಂದು ನಿರ್ಧಾರ ತೆಗೆದುಕೊಳ್ಳುವ ಮುಂಚೆ ಸೇವ್ ಮಾಡಿ, ಫಲ ಚೆನ್ನಾಗಿಲ್ಲದಿದ್ದರೆ ಹಿಂದೆ ಹೋಗಿ, ಇನ್ನೊಂದು ನಿರ್ಧಾರ ಮಾಡಿ ನೋಡುವವರಿದ್ದಾರೆ. ಅಲ್ಲಿ ಯಾವ ಆಯ್ಕೆಗೂ ತೂಕವಿರುವುದಿಲ್ಲ. ಇದನ್ನು ಒಪ್ಪದ ಆಟಗಳು ಮೊದಲಿನಿಂದಲೂ ಇವೆ. 1980ರ ‘ರೋಗ್’ ಆಟದಲ್ಲಿ ಸೇವ್ ಮಾಡಬಹುದಿತ್ತು, ಆದರೆ ಮತ್ತೆ ತೆರೆದ ಕೂಡಲೇ ಆ ಫೈಲು ಅಳಿಸಿಹೋಗುತ್ತಿತ್ತು. ಎದ್ದು ಊಟಕ್ಕೆ ಹೋಗಿ ಬಂದು ಮುಂದುವರಿಸು, ಹಿಂದಕ್ಕೆ ಮಾತ್ರ ಹೋಗಬೇಡ ಎಂಬ ಕರಾರು. ಬದುಕಿಗೆ ಹತ್ತಿರವಾದ ಕರಾರು ಅದೇ ಇರಬೇಕು. ದೇವರಮನೆಯಲ್ಲಿ ಕೂತಿರುವವನ ಹೆಸರಿನಲ್ಲೇ ಕಾಲವಿದೆ. ಕಾಲ ಹಿಂದಕ್ಕೆ ಹೋಗಲು ಯಾರಿಗೂ ಬಿಟ್ಟದ್ದಿಲ್ಲ.

ಇನ್ನೂ ಮುಂದೆ ಹೋದ ಆಟವೊಂದಿದೆ, 2017ರ ‘ನಿಯರ್: ಆಟೊಮಾಟಾ’. ಅದರ ಕಟ್ಟಕಡೆಯ ಭಾಗವನ್ನು ಒಬ್ಬರೇ ದಾಟುವುದು ಬಹಳ ಕಷ್ಟ. ಸೋತು ಸೋತು ಕೂತಾಗ, ಜಗತ್ತಿನ ಎಲ್ಲೋ ಇರುವ ಇತರ ಆಟಗಾರರ ನೆರವು ಬರುತ್ತದೆ. ದಾಟಿದ ಮೇಲೆ ಆಟ ಕೇಳುತ್ತದೆ: ನಿನ್ನಂತೆಯೇ ಒದ್ದಾಡುತ್ತಿರುವ ಗುರುತಿಲ್ಲದ ಒಬ್ಬರಿಗೆ ನೆರವಾಗಲು ನಿನ್ನ ಸೇವ್ ಫೈಲನ್ನೆಲ್ಲ ಕೊಟ್ಟುಬಿಡುತ್ತೀಯಾ? ಒಪ್ಪಿದರೆ ಗಳಿಸಿದ್ದೆಲ್ಲ ಕಣ್ಣೆದುರೇ ಅಳಿಯುತ್ತದೆ. ತನಗೆ ನೆರವಾದವರೂ ಹೀಗೆಯೇ ಕೊಟ್ಟವರು ಎಂಬುದು ಆಗ ತಿಳಿಯುತ್ತದೆ. ಎಷ್ಟೋ ಮಂದಿ ಒಪ್ಪಿದ್ದಾರೆ.

ಹಾಗಾದರೆ ಸೇವ್ ಫೈಲು ಹೋದರೆ ಹೋಗಲಿ ಎನ್ನಬಹುದೇ? ನನಗೆ ಈ ಎರಡು ಉದಾಹರಣೆಗಳು ಹೇಳುವುದು ಅದಕ್ಕೆ ವಿರುದ್ಧವಾದದ್ದನ್ನು. ಕೊಡಬೇಕಾದರೆ ಮೊದಲು ಅದು ನನ್ನದಾಗಿ, ಕ್ಷೇಮವಾಗಿ ಇರಬೇಕು. ಹಾಳಾದ ಫೈಲನ್ನು ಯಾರೂ ದಾನ ಮಾಡಲಾರರು. ‘ರೋಗ್’ ಅಳಿಸುವಾಗಲೂ ಮೊದಲೇ ಹೇಳಿ ಅಳಿಸುತ್ತದೆ, ಆಡುವವರು ಒಪ್ಪಿಯೇ ಆಡುತ್ತಾರೆ. ಬಿಟ್ಟುಕೊಟ್ಟದ್ದಕ್ಕೂ ಕಿತ್ತುಕೊಂಡದ್ದಕ್ಕೂ ಇರುವ ವ್ಯತ್ಯಾಸ, ಡಿಸ್ಕಿನಲ್ಲಿ ಉಳಿದಿರುವ ಖಾಲಿ ಜಾಗವನ್ನು ನೋಡಿದರೆ ತಿಳಿಯುವುದಿಲ್ಲ. ಮನುಷ್ಯನನ್ನು ನೋಡಿದರೆ ತಿಳಿಯುತ್ತದೆ.

ಈಗ ಹುಡುಗನ ಪ್ರಶ್ನೆಗೆ ಬರಬಹುದು. ಆಡಿದ್ದು ಸುಳ್ಳಾಗುವುದಿಲ್ಲ. ನಡೆದದ್ದನ್ನು ನಡೆಯದಂತೆ ಮಾಡುವ ಶಕ್ತಿ ಯಾವ ಕತ್ತಲಿಗೂ ಇಲ್ಲ. ಅವನ ಬೆರಳಿಗೆ ಬಂದ ಚುರುಕು, ಆ ಊರುಗಳ ದಾರಿ, ಸೋತ ಜಾಗಗಳ ಸಿಟ್ಟು ಯಾವುದೂ ಫೈಲಿನಲ್ಲಿ ಇರಲಿಲ್ಲ, ಹಾಗಾಗಿ ಹೋಗಿಯೂ ಇಲ್ಲ. ಹೋದದ್ದು ಬೇರೆ: ನಾಳೆ ಎಲ್ಲಿಂದ ಶುರುಮಾಡಬೇಕು ಎಂಬ ಜಾಗ. ಮಾಡಿದ ಕೆಲಸವೊಂದು ನಮ್ಮೊಳಗೆ ಸ್ವಲ್ಪ ಉಳಿಯುತ್ತದೆ, ಹೊರಗೆ ಸ್ವಲ್ಪ ಉಳಿಯುತ್ತದೆ. ಒಳಗಿನದಕ್ಕೆ ನಾವೇ ಕಾವಲು. ಹೊರಗಿನದನ್ನು ಯಾರದೋ ಕೈಗೆ ಒಪ್ಪಿಸಿರುತ್ತೇವೆ, ಅದು ಯಂತ್ರವಿರಬಹುದು, ಆ ಯಂತ್ರಕ್ಕೆ ಬರೆದ ಮನುಷ್ಯನಿರಬಹುದು. ಹಳೆಯ ಮಾತಿನಲ್ಲಿ ಹೇಳುವುದಾದರೆ ಅದು ಇಡುಗಂಟು, ನಂಬಿ ಇಟ್ಟದ್ದು.

ಇಡುಗಂಟಿನ ನೀತಿ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಗಂಟಿನಲ್ಲಿರುವುದು ಚಿನ್ನವೋ, ಹಳೆ ಸೀರೆಯೋ ಎಂದು ಬಿಚ್ಚಿ ನೋಡಿ, ಅದಕ್ಕೆ ತಕ್ಕಂತೆ ಕಾಯುವ ಸ್ವಾತಂತ್ರ್ಯ ಇಟ್ಟುಕೊಂಡವನಿಗಿಲ್ಲ. ಬೆಲೆ ಕಟ್ಟುವುದು ಇಟ್ಟವನ ಹಕ್ಕು. ‘ಆಟ ತಾನೆ’ ಎಂಬ ಮಾತಿನಲ್ಲಿ ತಪ್ಪಿರುವುದು ಇಲ್ಲಿ. ಹೀಗೆ ಹೇಳುವ ಹಿರಿಯರೇ ಪಹಣಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ರಾತ್ರಿ ನಿದ್ದೆ ಮಾಡುವುದಿಲ್ಲ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿತು. ಅದರಲ್ಲಿನ ಒಂದು ಸಾಲು ಕೂಡ ಕೆಲವು ಬೈಟುಗಳು ಅಷ್ಟೇ. ಆ ಸಾಲು ತಪ್ಪಾದರೆ ತೋಟ ಎಲ್ಲಿಗೂ ಹೋಗುವುದಿಲ್ಲ, ಮರ ಮರವಾಗಿಯೇ ನಿಂತಿರುತ್ತದೆ. ಆದರೂ ‘ಅಕ್ಷರ ತಾನೆ’ ಎಂದು ಯಾರೂ ಹೇಳುವುದಿಲ್ಲ. ತೋಟವನ್ನು ಮುಂದುವರಿಸುವ ಹಕ್ಕು ಆ ಅಕ್ಷರದಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಹದಿನಾಲ್ಕು ವರ್ಷದವನಿಗೆ ಪಹಣಿ ಇರುವುದಿಲ್ಲ. ಅವನು ತಾನೇ ದುಡಿದು, ತಾನೇ ಕಟ್ಟಿ, ಬೇರೆಯವರ ವಶಕ್ಕೆ ಒಪ್ಪಿಸಿದ ಮೊದಲ ಆಸ್ತಿ ಬಹುಶಃ ಆ ಸೇವ್ ಫೈಲೇ ಆಗಿತ್ತು. ಅದನ್ನು ಜಗತ್ತು ಹೇಗೆ ಕಾಯುತ್ತದೆ, ಹೋದಾಗ ಏನು ಹೇಳುತ್ತದೆ ಎಂಬುದರಿಂದ ಅವನು ಮುಂದೆ ಎಷ್ಟನ್ನು ನಂಬಿ ಒಪ್ಪಿಸುತ್ತಾನೆ ಎಂಬುದು ಸ್ವಲ್ಪಮಟ್ಟಿಗಾದರೂ ತೀರ್ಮಾನವಾಗುತ್ತದೆ.

ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಮನೆಗಳಲ್ಲಿ ಸೌದೆ ಒಳಗೆ ಸೇರುತ್ತದೆ, ಹಲಸಿನ ಹಪ್ಪಳ ಡಬ್ಬಿ ಸೇರುತ್ತದೆ, ಒಡೆದ ಹೆಂಚು ಬದಲಾಗುತ್ತದೆ. ಆ ಕೆಲಸಗಳ ಸಾಲಿಗೆ ಇನ್ನೊಂದನ್ನು ಸೇರಿಸಬಹುದು: ಮನೆಯ ಮಕ್ಕಳನ್ನು ಕೂರಿಸಿಕೊಂಡು ಸೇವ್ ಫೋಲ್ಡರು ಎಲ್ಲಿದೆ ಎಂದು ಹುಡುಕಿ, ದಿನಾಂಕ ಹಾಕಿ, ಪೆನ್‌ಡ್ರೈವಿಗೆ ಒಂದು ಪ್ರತಿ ಇಳಿಸುವುದು. ಆಮೇಲೆ ವಾರಕ್ಕೊಂದು ಹೊಸ ಪ್ರತಿ, ಹಳೆಯದರ ಮೇಲೆ ಅಲ್ಲ, ಅದರ ಪಕ್ಕದಲ್ಲಿ. ಒಮ್ಮೆ ತೆರೆದು ನೋಡಿ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಬೇಕಾದರೆ ಹಳೆಯದನ್ನು ಅಳಿಸಬಹುದು. ಹತ್ತು ನಿಮಿಷದ ಕೆಲಸ. ಅದನ್ನು ಮಾಡುವಾಗ ದೊಡ್ಡವರು ಪಕ್ಕದಲ್ಲಿ ಕೂತಿದ್ದರೆ, ಯಾವ ಊರಿಗೆ ಬಂದು ನಿಂತಿದ್ದೀಯಾ, ಯಾರನ್ನು ಉಳಿಸಿದೆ ಎಂದು ಒಂದು ಮಾತು ಕೇಳಿದರೂ ಆಯಿತು.